ತಪ್ಪಿದ ಒದೆತ

ಗುರಿ ಇಡುವುದನ್ನು ಗುಮಟಾಪುರದ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದೀಪಾವಳಿ ಮುಗಿದೊಡನೆ ಬರುವ ಗೊರೆ ಹಬ್ಬದಲ್ಲಿ ಸಗಣಿ ಉಂಡೆ ಎಸೆದು ಬೆಳೆದವರು ಅವರು. ಅಂಥ ಹುಡುಗನೊಬ್ಬ ಕಳೆದ ವರ್ಷ ಕಾಲ್ಚೆಂಡಿನ ಪಂದ್ಯದಲ್ಲಿ ಕೊನೆಯ ಪೆನಾಲ್ಟಿ ಒದೆತವನ್ನು ಕಂಬದಾಚೆ ಹೊಡೆದ. ತಂಡ ಸೋತಿತು. "ನಿನಗಿರುವುದು ಒಂದೇ ವಿದ್ಯೆ, ಅದೂ ಕೈಕೊಟ್ಟಿತೇ?" ಎಂದು ಎಲ್ಲರೆದುರಿಗೆ ನಾವು ಅಂದುಬಿಟ್ಟೆವು.

ಮೂರು ದಿನ ಅವನು ಶಾಲೆಗೆ ಬರಲಿಲ್ಲ. ನಾಲ್ಕನೆಯ ದಿನ ಅವನ ತಂದೆ ಬಂದರು. "ಪುಸ್ತಕಾನೂ ಮುಟ್ಟಲ್ಲ ಮೇಷ್ಟ್ರೇ, ಚೆಂಡೂ ಮುಟ್ಟಲ್ಲ. ಹೊಲದ ಕೆಲಸಕ್ಕೇ ಹಾಕ್ಕೊಳ್ಳಲಾ?" ಎಂದರು. ನಮಗೆ ಎದೆ ಧಸಕ್ಕೆಂದಿತು. ಸಂಜೆ ಅವರ ಮನೆಗೆ ಹೋದೆವು.

ಜಗುಲಿಯ ಮೇಲೆ ಕುಳಿತು ಕೊಡಗಿನ ಹಾಕಿ ಆಟಗಾರ ವಿ. ಆರ್. ರಘುನಾಥ್ ಅವರ ಕಥೆ ತೆಗೆದೆವು. ಆಡುತ್ತಿದ್ದದ್ದು ಹಿಂಭಾಗದ ರಕ್ಷಣೆಯಲ್ಲಿ. ಹೆಸರು ತಂದದ್ದು ಪೆನಾಲ್ಟಿ ಕಾರ್ನರ್. ಒಬ್ಬ ಗೆರೆಯಿಂದ ಚೆಂಡು ನೂಕುತ್ತಾನೆ, ಇನ್ನೊಬ್ಬ ವೃತ್ತದ ಹೊರಗೆ ತಡೆದು ನಿಲ್ಲಿಸುತ್ತಾನೆ, ಮತ್ತೊಬ್ಬ ಅದನ್ನು ಕೋಲಿನಿಂದ ಎಳೆದು ಗೋಲಿನತ್ತ ಚಿಮ್ಮಿಸುತ್ತಾನೆ. ಎದುರಿಗೆ ಗೋಲ್‌ಕೀಪರ್ ಸೇರಿ ಐದು ಮಂದಿ. ಹೀಗೆ ಚಿಮ್ಮಿಸುವ ವಿದ್ಯೆಯಿಂದ ಹೆಸರಾದ ರಘುನಾಥ್ 2012ರ ಲಂಡನ್, 2016ರ ರಿಯೋ ಒಲಿಂಪಿಕ್ಸ್‌ಗಳಲ್ಲಿ ಆಡಿದರು. 2014ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು. 2016ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು.

"ಇಂಥ ಒಂದೇ ವಿದ್ಯೆಯವರು ತಪ್ಪೋದೇ ಇಲ್ವಾ ಸಾರ್?" ಎಂದ ಹುಡುಗ, ತಲೆ ಎತ್ತದೆ.

ಆಗ ಅಮೆರಿಕದ ಮಾತು ಹೇಳಿದೆವು. ಅಲ್ಲಿನ ಫುಟ್‌ಬಾಲ್ ಹೆಚ್ಚಾಗಿ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ಆದರೆ ಒಬ್ಬ ನೆಲದ ಮೇಲೆ ಹಿಡಿದುಕೊಟ್ಟ ಚೆಂಡನ್ನು ಎರಡು ಕಂಬಗಳ ನಡುವೆ ಒದೆಯಲೆಂದೇ ತಂಡದಲ್ಲಿ ಇನ್ನೊಬ್ಬನಿರುತ್ತಾನೆ. ಸೇರಿದರೆ ಮೂರು ಅಂಕ. ಆಡಂ ವಿನಾಟಿಯೆರಿ 1996ರಿಂದ 2019ರವರೆಗೆ ಈ ಕೆಲಸವನ್ನೇ ಮಾಡಿದರು. ಲೀಗ್ ಪಂದ್ಯಗಳಲ್ಲಿ ಹೀಗೆ 715 ಸಲ ಒದ್ದರು. 599 ಸೇರಿದವು, 116 ಸೇರಲಿಲ್ಲ. ಆದರೂ ಅವರು ಆಟ ಬಿಟ್ಟಾಗ ಆ ಲೀಗಿನಲ್ಲಿ ಅವರಷ್ಟು ಅಂಕ ಗಳಿಸಿದವರು ಇನ್ನೊಬ್ಬರಿರಲಿಲ್ಲ. 2004ರ ಫೆಬ್ರವರಿಯ ಅಂತಿಮ ಪಂದ್ಯದಲ್ಲಿ ಅವರ ಎರಡು ಒದೆತಗಳು ವ್ಯರ್ಥವಾಗಿದ್ದವು. ಪಂದ್ಯ ಮುಗಿಯಲು ಕೆಲವೇ ಸೆಕೆಂಡುಗಳಿರುವಾಗ ತಂಡ ಮತ್ತೆ ಅವರನ್ನೇ ಕರೆಯಿತು. 41 ಗಜ ದೂರದಿಂದ ಒದ್ದು ಗೆಲ್ಲಿಸಿದರು.

"ನೂರಾ ಹದಿನಾರು ಸಲ ತಪ್ಪಿದ್ರಾ?" ಹುಡುಗನ ಮುಖದಲ್ಲಿ ನಗು ಇಣುಕಿತು. ನಮಗೋ ನಾಚಿಕೆಯಾಯಿತು. ಆ ತಂಡ ಎರಡು ಸಲ ತಪ್ಪಿದವನಿಗೆ ಮೂರನೆಯ ಸಲ ಚೆಂಡು ಕೊಟ್ಟಿತು. ನಾವು ಒಂದು ಸಲ ತಪ್ಪಿದವನಿಗೆ ಬೈಗುಳ ಕೊಟ್ಟೆವು. ಗೊರೆ ಹಬ್ಬದ ಸಗಣಿ ಮಿಂದರೆ ಹೋಗುತ್ತದೆ. ಎಸೆದ ಮಾತು ಹಾಗೆ ಹೋಗದು. ಎಸೆದವರೇ ಹೋಗಿ ತೊಳೆಯಬೇಕು. ಪೋಷಕರೂ ಇದನ್ನು ನೆನಪಿನಲ್ಲಿಡಲಿ ಎಂದು ಬರೆಯುತ್ತಿದ್ದೇವೆ.

ಮರುದಿನ ಹುಡುಗ ಬಂದ. ಮೈದಾನದಲ್ಲಿ ಚೆಂಡನ್ನು ನಾವೇ ಇಟ್ಟುಕೊಟ್ಟೆವು. ಮೊದಲನೆಯ ಒದೆತ ಕಂಬದಾಚೆ ಹೋಯಿತು. ನಾವು ಸುಮ್ಮನಿದ್ದೆವು. ಅವನೇ ಓಡಿಹೋಗಿ ಚೆಂಡು ತಂದ.