ಸುಮಿದಾ ತೀರದ ಕೈತುತ್ತು

ಟೋಕಿಯೋ ಮಹಾನಗರದ ಪೂರ್ವಭಾಗದಲ್ಲಿ, ಸುಮಿದಾ ನದಿಯನ್ನು ದಾಟಿದೊಡನೆ ಸಿಕ್ಕುವ ಬಡಾವಣೆಗೆ ರಿಯೋಗೊಕು ಎಂದು ಹೆಸರು. ‘ಎರಡು ನಾಡು’ ಎಂಬುದು ಅದರ ಅರ್ಥ. ಹಿಂದಿನ ಕಾಲದಲ್ಲಿ ಇಲ್ಲಿನ ಸೇತುವೆ ಎರಡು ಪ್ರಾಂತಗಳನ್ನು ಕೂಡಿಸುತ್ತಿತ್ತು. ಈ ಹೆಸರು ಕೇಳಿದೊಡನೆ ಜಪಾನೀಯರ ಕಣ್ಣಮುಂದೆ ನಿಲ್ಲುವವರು ಸುಮೋ ಮಲ್ಲರು. ವರ್ಷಕ್ಕೆ ಮೂರು ಬಾರಿ, ಜನವರಿ, ಮೇ, ಸೆಪ್ಟೆಂಬರ್ ತಿಂಗಳುಗಳಲ್ಲಿ, ಇಲ್ಲಿನ ಮಲ್ಲಶಾಲೆಯಲ್ಲಿ ಹದಿನೈದು ದಿನಗಳ ಪಂದ್ಯ ನಡೆಯುತ್ತದೆ. ಆದರೆ ಈ ಬಡಾವಣೆಗೆ ಇನ್ನೊಂದು ಕೀರ್ತಿಯೂ ಉಂಟು. ಇಂದು ಜಗತ್ತಿನ ಊರೂರಲ್ಲಿ ಜನ ಬಾಯಿ ಚಪ್ಪರಿಸಿ ತಿನ್ನುವ ಸುಶಿ, ಈಗಿನ ರೂಪವನ್ನು ತಾಳಿದ್ದು ಈ ನದಿಯ ದಂಡೆಯಲ್ಲಿ.

ಮೇ ತಿಂಗಳ ಒಂದು ಶುಕ್ರವಾರ. ಕಚೇರಿಯ ಕೆಲಸ ಮುಗಿಸಿಕೊಂಡು ನಾಲ್ವರು ಗೆಳೆಯರು ಇಲ್ಲಿನ ಒಂದು ಕಿರುಗಲ್ಲಿಯನ್ನು ಹೊಕ್ಕರು. ಮೂವರು ಜಪಾನೀಯರು, ನಾಲ್ಕನೆಯವನು ಮೈಸೂರಿನ ಕಡೆಯ ತರುಣ, ಕಂಪ್ಯೂಟರ್ ಇಂಜಿನಿಯರು. ಭಾರತೀಯರು ಹೆಚ್ಚಾಗಿ ನೆಲೆಸಿರುವ ನಿಶಿಕಸಾಯಿಯಲ್ಲಿ ಅವನ ಬಿಡಾರ. ಗಲ್ಲಿಯ ಕೊನೆಯಲ್ಲೊಂದು ಪುಟ್ಟ ಅಂಗಡಿ. ಬಾಗಿಲಿಗೆ ನೀಲಿ ಬಟ್ಟೆಯ ತೋರಣದಂಥ ಪರದೆ. ಅದನ್ನು ಸರಿಸಿ ತಲೆ ಬಗ್ಗಿಸಿ ಒಳಗೆ ಕಾಲಿಟ್ಟರೋ ಇಲ್ಲವೋ, “ಇರಾಷ್ಷಾಯಿ!” ಎಂಬ ಘೋಷ ಮೊಳಗಿತು. ‘ದಯಮಾಡಿಸಿ’ ಎಂಬುದನ್ನು ಹೀಗೆ ಸಿಡಿಲಿನಂತೆ ಹೇಳುವುದು ಅಲ್ಲಿನ ಅಂಗಡಿಗಳ ಸಂಪ್ರದಾಯ.

ಒಳಗಿದ್ದುದು ಒಂಬತ್ತೇ ಪೀಠಗಳು. ನುಣುಪಾದ ಮರದ ಉದ್ದನೆಯ ಕೌಂಟರು. ಅದರ ಮೇಲೆ ಗಾಜಿನ ತಂಪು ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಕೆಂಪು, ಬಿಳಿ, ಬೆಳ್ಳಿಬಣ್ಣದ ಮೀನಿನ ತುಂಡುಗಳು. ಅದರ ಆಚೆ ಎಪ್ಪತ್ತು ದಾಟಿದ ಯಜಮಾನ. ಗಿರಾಕಿಗಳು ಆತನನ್ನು ‘ತೈಶೋ’, ಎಂದರೆ ‘ದಂಡನಾಯಕರೇ’, ಎಂದು ಕೂಗುತ್ತಾರೆ. ಆ ದಂಡನಾಯಕನ ದಂಡೆಲ್ಲ ಚಹಾ ಸುರಿದುಕೊಡುವ ಆತನ ಮಡದಿ ಒಬ್ಬಾಕೆಯೇ! ಅಂದಿನ ಪಂದ್ಯದಲ್ಲಿ ಯಾರು ಗೆದ್ದರು, ಯಾರು ಮಣ್ಣುಮುಕ್ಕಿದರು ಎಂದು ನೆರೆಹೊರೆಯವರು ಗಟ್ಟಿದನಿಯಲ್ಲಿ ವಾದಿಸುತ್ತಿದ್ದರು. ಹೊಸದಾಗಿ ಬಂದವರಿಗೆ ಜಾಗವಾಗಲೆಂದು ಎಲ್ಲರೂ ಅಷ್ಟಷ್ಟು ಸರಿದು ಕುಳಿತರು. ಪರಿಚಯವಿಲ್ಲದವರೂ ಐದು ನಿಮಿಷದಲ್ಲಿ ಒಂದೇ ಪಂಕ್ತಿಯವರಾದರು.

ಆಗಲೇ ಒಂದು ಪೇಚು ತಲೆದೋರಿತು. ಮೈಸೂರಿನ ತರುಣ ಮೀನು ಮುಟ್ಟುವವನಲ್ಲ. ಊಟಕ್ಕೆ ಏರ್ಪಾಡು ಮಾಡಿದ್ದ ಗೆಳತಿಗೆ ಅದು ನೆನಪಾದದ್ದು ಪೀಠದ ಮೇಲೆ ಕುಳಿತ ಬಳಿಕ! ಆಕೆಯ ಮುಖ ಸಣ್ಣದಾಯಿತು. “ಚಹಾ ಕುಡಿಯುತ್ತ ಕೂತಿರುತ್ತೇನೆ, ನೀವು ತಿನ್ನಿ” ಎಂದು ಇವನು ಸಮಾಧಾನ ಹೇಳಿದ. ಆದರೆ ಗೆಳೆಯರ ನಡುವೆ ಒಬ್ಬನ ಎಲೆ ಬರಿದಾಗಿದ್ದರೆ ಮಿಕ್ಕವರಿಗೆ ತುತ್ತು ಇಳಿದೀತೇ?

ಸುಶಿ ಎಂದರೆ ಹಸಿಮೀನು ಎಂದೇ ಹಲವರ ತಿಳಿವಳಿಕೆ. ಅದು ಅರ್ಧಸತ್ಯ. ಸುಶಿಯ ಜೀವವಿರುವುದು ಅನ್ನದಲ್ಲಿ. ಪುರಾತನ ಕಾಲದಲ್ಲಿ ಮೀನು ಕೆಡದಿರಲೆಂದು ಉಪ್ಪು ಹಚ್ಚಿ, ಅನ್ನದಲ್ಲಿ ಹುದುಗಿಸಿ, ತಿಂಗಳುಗಟ್ಟಲೆ ಹುಳಿಯಲು ಬಿಡುತ್ತಿದ್ದರು. ತಿನ್ನುವಾಗ ಅನ್ನವನ್ನು ಚೆಲ್ಲುತ್ತಿದ್ದರು. ಬಿವಾ ಸರೋವರದ ಸುತ್ತಿನಲ್ಲಿ ಈ ಬಗೆಯ ಸುಶಿ ಇಂದಿಗೂ ಉಂಟು. ಕಾಲಕ್ರಮದಲ್ಲಿ ಹುದುಗುವವರೆಗೆ ಕಾಯುವ ತಾಳ್ಮೆ ತಗ್ಗಿತು. ಅನ್ನಕ್ಕೆ ವಿನಿಗರ್ ಬೆರೆಸಿ ಹುಳಿ ತರುವ ಉಪಾಯ ಹುಟ್ಟಿತು. 1820ರ ದಶಕದಲ್ಲಿ ಹನಾಯಾ ಯೋಹೇಯಿ ಎಂಬಾತ ಇದೇ ರಿಯೋಗೊಕುವಿನಲ್ಲಿ ಅಂಗಡಿ ಇಟ್ಟು, ಹುಳಿಯನ್ನವನ್ನು ಮುಷ್ಟಿಯಲ್ಲಿ ಒತ್ತಿ, ಮೇಲೊಂದು ಮೀನಿನ ಹೋಳಿಟ್ಟು ಕೊಡುವ ಪದ್ಧತಿಯನ್ನು ಬೆಳೆಸಿದನೆಂದು ಪ್ರತೀತಿ. ಆ ಕಾಲದ ಸುಶಿ ಇಂದಿನದಕ್ಕಿಂತ ಎರಡು ಮೂರು ಪಟ್ಟು ದೊಡ್ಡದು. ದುಡಿಯುವ ಜನ ಬೀದಿಯಲ್ಲಿ ನಿಂತು, ಎರಡು ತಿಂದು, ಕೈ ಒರಸಿಕೊಂಡು ಹೋಗುತ್ತಿದ್ದರು.

ಈ ಅನ್ನಕ್ಕೆ ಅಂಗಡಿಯವರ ಮಾತಿನಲ್ಲಿ ‘ಶರಿ’ ಎಂದು ಹೆಸರು. ನಮ್ಮ ‘ಶರೀರ’ವೇ ಅದು! ಬುದ್ಧನ ದೇಹದ ಅವಶೇಷಗಳನ್ನು ಸೂಚಿಸುವ ಸಂಸ್ಕೃತ ಶಬ್ದ ಬೌದ್ಧಧರ್ಮದೊಡನೆ ಜಪಾನಿಗೆ ಹೋಗಿ, ಬೆಳ್ಳನೆಯ ಅನ್ನದ ಅಗುಳಿಗೆ ಅಂಟಿಕೊಂಡಿತು. ಅನ್ನಕ್ಕೆ ಅಲ್ಲಿ ಅಷ್ಟು ಗೌರವ. “ಅನ್ನ ಬೇಯಿಸಲು ಮೂರು ವರ್ಷ, ಮುಷ್ಟಿ ಕಟ್ಟಲು ಎಂಟು ವರ್ಷ” ಎಂಬುದು ಆ ಕಸುಬಿನವರ ಗಾದೆ.

ಆ ಅನ್ನಕ್ಕೂ ಕುತ್ತು ಬಂದ ಕಾಲವುಂಟು. ಯುದ್ಧಾನಂತರದ ಕ್ಷಾಮದಲ್ಲಿ, 1947ರಲ್ಲಿ, ಸರಕಾರ ಊಟದ ಅಂಗಡಿಗಳನ್ನು ಮುಚ್ಚಿಸಿತು. ಟೋಕಿಯೋದ ಸುಶಿಗಾರರು ಆಗ ಒಂದು ಜಾಣ ವಾದ ಹೂಡಿದರು: ಗಿರಾಕಿಯೇ ಒಂದು ‘ಗೋ’, ಎಂದರೆ ಸುಮಾರು 150 ಗ್ರಾಂ, ಅಕ್ಕಿ ತರಲಿ, ನಾವು ಕೂಲಿ ಪಡೆದು ಹತ್ತು ಸುಶಿ ಮಾಡಿಕೊಡುತ್ತೇವೆ, ಇದು ಊಟದ ಮಾರಾಟವಲ್ಲ! ಅನುಮತಿ ದೊರೆಯಿತು, ಕಸುಬು ಉಳಿಯಿತು.

ಈಗ ಮತ್ತೆ ನಮ್ಮ ತರುಣನ ಪೀಠದ ಬಳಿಗೆ ಬರೋಣ. ಗೆಳತಿ ಸಂಕೋಚದಿಂದ ವಿಷಯ ತಿಳಿಸಿದಳು. ಯಜಮಾನ ಕತ್ತಿಯನ್ನು ಕೆಳಗಿಟ್ಟು ತರುಣನನ್ನು ಒಂದು ಕ್ಷಣ ನೋಡಿದ; “ಹಾಗೋ!” ಎಂದ, ಅಷ್ಟೆ. ಮರುನಿಮಿಷ ಸೌತೆಕಾಯಿಯ ಸುರುಳಿಯೊಂದು ಸಿದ್ಧವಾಯಿತು. ಅದಕ್ಕೆ ‘ಕಪ್ಪಾ’ ಸುರುಳಿಯೆಂದು ಹೆಸರು. ಕಪ್ಪಾ ಎಂಬ ನೀರುಭೂತಕ್ಕೆ ಸೌತೆಕಾಯಿ ಎಂದರೆ ಪ್ರಾಣವಂತೆ. ಅದರ ಹಿಂದೆಯೇ ಉಪ್ಪಿನಲ್ಲಿ ಹಾಕಿದ ಹುಳಿಹಣ್ಣಿನ ಸುರುಳಿ. ಆಮೇಲೆ, ಒಣಗಿಸಿದ ತರಕಾರಿಯ ಎಳೆಗಳನ್ನು ಸೋಯಾ ರಸ, ಸಕ್ಕರೆಯಲ್ಲಿ ಬೇಯಿಸಿ ಸುತ್ತಿದ ‘ಕಂಪ್ಯೋ’. ಬಾಯಿಗಿಟ್ಟ ತರುಣನಿಗೆ ಪರಿಚಿತ ವಸ್ತುವೆನ್ನಿಸಿತು. ವಿಚಾರಿಸಿದರೆ, ಅದು ಸಾಕ್ಷಾತ್ ಸೋರೆಕಾಯಿ!

ಧೈರ್ಯ ಬಂದ ತರುಣ ಪೆಟ್ಟಿಗೆಯಲ್ಲಿದ್ದ ಹಳದಿ ತುಂಡೊಂದನ್ನು ಬೆರಳು ಮಾಡಿ ತೋರಿಸಿದ. ಅದು ಮೊಟ್ಟೆಯದು, ಮೊಟ್ಟೆ ತಿನ್ನುವ ಅಭ್ಯಾಸ ಅವನಿಗೆ ಹಾಸ್ಟೆಲಿನಲ್ಲೇ ಆಗಿತ್ತು. ಯಜಮಾನ ತಲೆಯಾಡಿಸಿದ. “ಒನೀಸಾನ್, ಇದು ಬೇಡ. ಇದರಲ್ಲಿ ಸಿಗಡಿ ಅರೆದು ಹಾಕಿದೆ.” ಒನೀಸಾನ್ ಎಂದರೆ ನಮ್ಮಲ್ಲಿ ‘ಅಣ್ಣಾ’ ಎಂದಂತೆ. ಕೊಟ್ಟಿದ್ದರೆ ತರುಣನಿಗೆ ತಿಳಿಯುವಂತಿರಲಿಲ್ಲ; ಒಂದು ತುಂಡಿನ ಲಾಭ ಹೆಚ್ಚಾಗುತ್ತಿತ್ತು. ಆದರೆ ಎದುರಿಗೆ ಕುಳಿತು ನಂಬಿದವನಿಗೆ ಆ ಮುದುಕ ಹೇಗೆ ಕೊಟ್ಟಾನು? ತುಂಡಿನ ಬದಲು ಬಂದದ್ದು ಉಪ್ಪಿನಲ್ಲಿ ಹಾಕಿದ ಬದನೆಕಾಯಿಯ ಸುಶಿ. ಅದರ ನೇರಳೆ ಮೈ ನೋಡಿ ಪಕ್ಕದ ಗಿರಾಕಿಗಳೂ “ತೈಶೋ, ನಮಗೂ ಒಂದು!” ಎಂದು ಕೂಗಿದರು. ಗೆಳತಿಯ ಮುಖ ಅರಳಿತು.

1958ರಲ್ಲಿ ಒಸಾಕಾ ಬಳಿಯ ಶಿರಾಯಿಶಿ ಯೋಶಿಯಾಕಿ ಎಂಬಾತ, ಬಿಯರ್ ಕಾರ್ಖಾನೆಯಲ್ಲಿ ಸೀಸೆಗಳು ಸಾಲಾಗಿ ಸಾಗುವುದನ್ನು ಕಂಡು, ಸುಶಿಯ ತಟ್ಟೆಗಳನ್ನೂ ಚಲಿಸುವ ಪಟ್ಟಿಯ ಮೇಲೆ ಹರಿಯಬಿಟ್ಟ. 1970ರ ಒಸಾಕಾ ವಿಶ್ವಪ್ರದರ್ಶನದ ತರುವಾಯ ಈ ಬಗೆಯ ಅಂಗಡಿ ಮನೆಮಾತಾಯಿತು. ಅದನ್ನು ಹಳಿಯುವುದು ನ್ಯಾಯವಲ್ಲ. ಮಕ್ಕಳೊಂದಿಗರು ಬೆಲೆಗೆ ಅಂಜದೆ ಸುಶಿ ತಿನ್ನುವಂತಾದದ್ದು ಅದರ ದೆಸೆಯಿಂದ. ಆದರೆ ಪಟ್ಟಿಗೆ ಕಣ್ಣಿಲ್ಲ; ತನ್ನ ಎದುರು ಕುಳಿತವರು ಯಾರು, ಅವರಿಗೆ ಯಾವುದು ಸಲ್ಲುತ್ತದೆ, ಯಾವುದು ಸಲ್ಲದು ಎಂಬುದನ್ನು ಅದು ಅರಿಯದು.

ಗಲ್ಲಿಯ ಮುದುಕನಿಗೆ ಈ ಕಣ್ಣುಂಟು. ಆದರೆ ಆತನ ಬಳಿಕ ಕತ್ತಿ ಹಿಡಿಯುವವರಿಲ್ಲ. ಮಗ ಬೇರೆ ಊರಿನಲ್ಲಿ ನೌಕರಿಗೆ ಸೇರಿದ್ದಾನೆ. “ಕೈ ನಡೆಯುವವರೆಗೆ ನಡೆಸುತ್ತೇವೆ” ಎಂದು ಮಡದಿ ನಗುತ್ತ ಚಹಾ ಸುರಿದಳು. ಗೆಳೆಯರು ಆ ನಗೆಗೆ ಏನೂ ಉತ್ತರ ಹೇಳಲಾರದೆ ಬಟ್ಟಲನ್ನು ಮುಂದೆ ಚಾಚಿದರು.

ರಾತ್ರಿ ಹತ್ತಕ್ಕೆ ಎದ್ದಾಗ ದಂಪತಿಗಳಿಬ್ಬರೂ ಬಾಗಿಲವರೆಗೆ ಬಂದು ತಲೆಬಾಗಿದರು. ಸೇತುವೆಯ ಮೇಲೆ ನಡೆಯುತ್ತಿರುವಾಗ ತರುಣನ ಫೋನು ಸದ್ದುಮಾಡಿತು. ಮೈಸೂರಿನಲ್ಲಿ ಆಗ ಸಂಜೆ ಆರೂವರೆ. ದೇವರ ಮುಂದೆ ದೀಪ ಹಚ್ಚಿ ತಾಯಿ ಮಾತಿಗೆ ಕುಳಿತಿದ್ದರು.

“ಊಟ ಆಯ್ತೇನೋ? ಏನು ತಿಂದೆ?”

“ಸೋರೆಕಾಯಿ, ಅನ್ನ, ಉಪ್ಪಿನಕಾಯಿ ಅಮ್ಮ.”

“ಆ ಊರಲ್ಲಿ ನಿನಗೆ ಅದನ್ನೆಲ್ಲ ಯಾರು ಮಾಡಿಕೊಟ್ಟರೋ?”

ತರುಣ ಹಿಂತಿರುಗಿ ನೋಡಿದ. ಗಲ್ಲಿಯ ತುದಿಯಲ್ಲಿ ಅಂಗಡಿಯ ದೀಪ ಇನ್ನೂ ಉರಿಯುತ್ತಿತ್ತು. “ಒಬ್ಬರು ತಾತ, ಅಮ್ಮ. ಕೈತುತ್ತು ಹಾಕಿದರು” ಎಂದ.