ಅಳತೆಯ ದ್ವಿಚಕ್ರ

ವಾಚಕರೇ, ಅಂಗಿಯನ್ನು ನಾವು ಅಳತೆ ಕೊಟ್ಟು ಹೊಲಿಸುತ್ತೇವೆ. ಕಾಲ್ಮರಿಗಳನ್ನು ಮೆಟ್ಟಿ ನೋಡಿ ಕೊಳ್ಳುತ್ತೇವೆ. ಆದರೆ ಜನ್ಮವೆಲ್ಲ ತುಳಿಯತಕ್ಕ ಸೈಕಲ್ಲನ್ನು ಮಾತ್ರ ಅಂಗಡಿಯವನು ಕೊಟ್ಟಂತೆ ತಂದುಬಿಡುತ್ತೇವೆ. ಕುಳ್ಳನಿಗೂ ಅದೇ, ನೀಳಕಾಯನಿಗೂ ಅದೇ! ಮೈಗೆ ಸೈಕಲ್ಲು ಹೊಂದಬೇಕೆಂಬ ವಿಚಾರವು ನಮ್ಮ ಕಡೆಯಲ್ಲಿ ಅಪರೂಪವಾದದ್ದು. ಸೈಕಲ್ಲಿಗೆ ಮೈಯನ್ನು ಹೊಂದಿಸಿಕೊಳ್ಳುವದೇ ರೂಢಿಯಾಗಿದೆ.

2006-07ರಲ್ಲಿ ಸರಕಾರದವರು ಎಂಟನೆಯ ಇಯತ್ತೆಯ ಮಕ್ಕಳಿಗೆ ಸೈಕಲ್ಲು ಹಂಚಲು ಆರಂಭಿಸಿದಾಗ ನಾವು ಶಾಲೆಯಲ್ಲಿ ಸಂಸ್ಕೃತವನ್ನು ಕಲಿಸುತ್ತಿದ್ದೆವು. ಆ ಯೋಜನೆಯಿಂದ ಹಳ್ಳಿಯ ಹೆಣ್ಣುಮಕ್ಕಳಿಗಾದ ಉಪಕಾರವನ್ನು ಕಣ್ಣಾರೆ ಕಂಡವರು ನಾವು. ಸಂಜೆ ಶಾಲೆ ಬಿಟ್ಟ ಬಳಿಕ ಪಾನಾ ಹಿಡಿದು ಒಬ್ಬೊಬ್ಬರ ಸೀಟನ್ನು ಏರಿಸಿ, ಇಲ್ಲವೆ ಇಳಿಸಿ ಕೊಡುತ್ತಿದ್ದೆವು. ಬೆರಳೆರಡರಷ್ಟು ಸೀಟು ಏರಿದರೆ ಏದುಸಿರು ಬಿಡುತ್ತಿದ್ದ ಹುಡುಗಿ ನಗುತ್ತ ಹೋಗುವದನ್ನು ನೋಡಿದಂದಿನಿಂದ ಅಳತೆಯ ಮಹಿಮೆಯಲ್ಲಿ ನಮಗೆ ನಂಬಿಗೆ ಹುಟ್ಟಿತೆನ್ನಬಹುದು.

ನಿವೃತ್ತರಾದ ಮೇಲೆ ನಮ್ಮ ಬಲಗಾಲ ಮೊಣಕಾಲು ಮುನಿಯಹತ್ತಿತು. ಹಾನಗಲ್ಲಿನಲ್ಲಿ ನಮ್ಮ ಅಕ್ಕನಿದ್ದಾಳೆ, ಕಣ್ಣು ಕಾಣದವಳು. ಪ್ರತಿ ಅಮಾವಾಸ್ಯೆಗೆ ಅಗಡಿಯಿಂದ ಸೈಕಲ್ಲು ತುಳಿದು ಅವಳಲ್ಲಿಗೆ ಹೋಗಿ ಬರುವದು ನಮ್ಮ ಬಹುಕಾಲದ ವ್ರತ. ಬಸ್ಸುಗಳಿಲ್ಲವೆಂದಲ್ಲ, ಸೈಕಲ್ಲಿನ ಗಂಟೆಯ ಸಪ್ಪಳವನ್ನು ಅವಳು ಓಣಿಯ ತಿರುವಿನಲ್ಲಿಯೇ ಗುರುತಿಸುತ್ತಾಳೆ. ವೈದ್ಯರು ಪರೀಕ್ಷಿಸಿ, “ಸೈಕಲ್ಲು ಬಿಡಬೇಡಿರಿ, ಆದರೆ ಈ ಸೈಕಲ್ಲು ಬೇಡ” ಎಂದರು. ಮಗನು ಎಲ್ಲ ಸೈಕಲ್ಲುಗಳೂ ಬೇಡವೆಂದನು. ಕೊನೆಗೆ ಬೆಂಗಳೂರಿನಲ್ಲಿ ಉಕ್ಕಿನ ಚೌಕಟ್ಟುಗಳನ್ನು ಅಳತೆಗೆ ಕಟ್ಟಿಕೊಡುವ ಒಬ್ಬ ತರುಣ ಕಸಬುದಾರನ ಸುಳಿವು ಹತ್ತಿತು. ಅವನು ಹೇಳಿದ ಬೆಲೆಯನ್ನು ಕೇಳಿ ನಮ್ಮ ಮನೆಯವರು, “ಇಷ್ಟರಲ್ಲಿ ಹಾಲು ಹಿಂಡುವ ಒಂದು ಎಮ್ಮೆ ಬರುತ್ತದೆ” ಎಂದರು. ಲೆಕ್ಕವು ಸರಿಯಾಗಿಯೇ ಇತ್ತು. ಎಮ್ಮೆಯು ನಮ್ಮನ್ನು ಹಾನಗಲ್ಲಿಗೆ ಒಯ್ಯುವದಿಲ್ಲವೆಂದು ನಾವಂದೆವು. ಎರಡು ದಿನ ಮನೆಯಲ್ಲಿ ಮಾತು ಕಡಿಮೆಯಾಯಿತು. ಮೂರನೆಯ ದಿನ ಅಳತೆಯ ಟೇಪನ್ನು ಅವರೇ ತಂದುಕೊಟ್ಟರು.

ಅಳತೆಗೆ ನಿಂತಾಗ ನಮಗೆ ಶುಲ್ಬಸೂತ್ರಗಳು ನೆನಪಾದವು. ಅಗ್ನಿಚಯನದ ವೇದಿಯನ್ನು ಅಳೆಯುವ ಮಾನಕ್ಕೆ ‘ಪುರುಷ’ವೆಂದು ಹೆಸರು, ಯಜಮಾನನು ಕೈಗಳನ್ನು ಮೇಲಕ್ಕೆತ್ತಿ ನಿಂತಾಗಿನ ಎತ್ತರವೇ ಅದು. ಯಜಮಾನನು ಬದಲಾದರೆ ಇಟ್ಟಿಗೆಗಳೂ ಬದಲಾಗತಕ್ಕವು! ಸೈಕಲ್ಲು ಕಟ್ಟುವವರ ಶಾಸ್ತ್ರವೂ ಇದೇ ದಾರಿಯದು. ಬರಿಗಾಲಿನಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಂತು, ತೊಡೆಸಂದಿಗೆ ಒಂದು ಪುಸ್ತಕವನ್ನು ಬಿಗಿಯಾಗಿ ಒತ್ತಿ, ಅದರ ಮೇಲಂಚಿನಿಂದ ನೆಲದವರೆಗೆ ಅಳೆಯಬೇಕು. ನಮ್ಮದು 80 ಸೆಂಟಿಮೀಟರು. ಅದನ್ನು 0.883ರಿಂದ ಗುಣಿಸಿದರೆ ಪೆಡಲುಗಳ ನಡುವಿನ ಅಚ್ಚಿನಿಂದ ಸೀಟಿನ ನೆತ್ತಿಯವರೆಗಿನ ಎತ್ತರವು ಬರುವದು, ಎಂದರೆ 70.6. 1986, 1989, 1990ರಲ್ಲಿ ಫ್ರಾನ್ಸಿನ ಮಹಾಸ್ಪರ್ಧೆಯನ್ನು ಗೆದ್ದ ಗ್ರೆಗ್ ಲೆಮಾಂಡನು ಪ್ರಸಿದ್ಧಿಗೆ ತಂದ ಲೆಕ್ಕವಿದು. ಹ್ಯಾಮ್ಲಿ ಮತ್ತು ಥಾಮಸ್ ಎಂಬವರು 1967ರಲ್ಲಿ ಪ್ರಕಟಿಸಿದ ಇನ್ನೊಂದು ಲೆಕ್ಕದಂತೆ ಸೀಟಿನಿಂದ ಕೆಳಗಿನ ಪೆಡಲಿನವರೆಗೆ ಇದೇ ಅಳತೆಯ ನೂರಕ್ಕೆ 109 ಪಾಲು ಇರಬೇಕು. ಅದು 87.2, ಅದರಲ್ಲಿ ಹದಿನಾರೂವರೆ ಸೆಂಟಿಮೀಟರಿನ ಕ್ರ್ಯಾಂಕನ್ನು ಕಳೆದರೆ 70.7. ಎರಡು ಬೇರೆ ಮಾರ್ಗಗಳು ಕೂದಲೆಳೆಯಷ್ಟು ಅಂತರದಲ್ಲಿ ಕೂಡಿದ್ದನ್ನು ಕಂಡು ನಮಗಾದ ಸಂತೋಷವನ್ನು ಲೆಕ್ಕದ ಮಾಸ್ತರರೇ ಬಲ್ಲರು. ಆದರೂ ಲೆಕ್ಕವು ಆರಂಭ ಮಾತ್ರ. ಪೆಡಲು ಕೆಳಗೆ ಬಂದಾಗ ಮೊಣಕಾಲು ನೆಟ್ಟಗಾಗದೆ 25ರಿಂದ 35 ಅಂಶಗಳಷ್ಟು ಮಣಿದಿರಬೇಕೆಂಬ ಮಾತನ್ನು ಏರಿ ಕುಳಿತೇ ನೋಡಬೇಕು.

ಕ್ರ್ಯಾಂಕಿನ ವಿಷಯವನ್ನು ತುಸು ಬಿಡಿಸಿ ಹೇಳುವೆವು. ನಮ್ಮ ಮೊಣಕಾಲಿನ ಗುಟ್ಟು ಅಲ್ಲಿಯೇ ಇದ್ದಿತು. ಸಾಮಾನ್ಯವಾಗಿ ಅದು 170 ಮಿಲಿಮೀಟರಿನದು. ನಾವು 165ರದನ್ನು ಆರಿಸಿದೆವು. ಐದು ಮಿಲಿಮೀಟರಿನಿಂದ ಏನಾದೀತೆನ್ನುವಿರಾ? ಪೆಡಲು ಕೆಳಗೆ ಐದು ಮಿಲಿಮೀಟರು ಮೇಲೆ ಬಂತೆಂದು ಸೀಟನ್ನು ಅಷ್ಟೇ ಏರಿಸಬೇಕು. ಮೇಲಿನ ತುದಿಯಲ್ಲಿ ಪೆಡಲು ಐದು ತಗ್ಗುವದು. ಹೀಗೆ ಸೀಟಿಗೂ ಮೇಲಿನ ಪೆಡಲಿಗೂ ನಡುವೆ ಹತ್ತು ಮಿಲಿಮೀಟರಿನ ಅವಕಾಶ ದೊರೆತು, ಮೊಣಕಾಲು ಅಷ್ಟು ಕಡಿಮೆ ಮಡಚುವದು. ನೋವಿದ್ದವನಿಗೆ ಆ ಹತ್ತು ಮಿಲಿಮೀಟರು ಚಿನ್ನ.

ಮೊಣಚಿಪ್ಪಿನಿಂದ ನೂಲುಗುಂಡು ಬಿಟ್ಟರೆ ಅದು ಪೆಡಲಿನ ಅಚ್ಚಿನ ನೇರಕ್ಕೆ ಬೀಳಬೇಕೆಂದು ಹಲವರು ಹೇಳುವರು. ಇದು ರೂಢಿಯೇ ಹೊರತು ಶಾಸ್ತ್ರವಲ್ಲವೆಂದು ನಮ್ಮ ಕಸಬುದಾರನ ಮತ. ನಮಗೂ ಅದೇ ಒಪ್ಪಿಗೆಯಾಯಿತು. ಸೀಟಿನ ಅಗಲಕ್ಕೆ ಬೇರೊಂದು ಯುಕ್ತಿ: ಒಳಗೆ ಅಲೆಯಲೆಯಾಗಿರುವ ರಟ್ಟಿನ ಮೇಲೆ ಕುಳಿತೆದ್ದರೆ ಕುಳಿತುಕೊಳ್ಳುವ ಎಲುಬುಗಳೆರಡರ ಗುರುತು ಮೂಡುವದು, ಅವುಗಳ ನಡುವಿನ ಅಂತರವನ್ನು ಅಳೆದು, ಎರಡೂ ಕಡೆಗೆ ತುಸು ಸೇರಿಸಿ ಸೀಟನ್ನು ಕೊಳ್ಳಬೇಕು. ಪಡಸಾಲೆಯಲ್ಲಿ ನಾವು ಈ ಪ್ರಯೋಗ ನಡಿಸಿದಾಗ ಮನೆಯವರು ನಕ್ಕದ್ದನ್ನು ಇಲ್ಲಿ ವಿಸ್ತರಿಸುವದಿಲ್ಲ.

ಉಕ್ಕೇ ಏಕೆ, ಹಗುರಾದ ಅಲ್ಯುಮಿನಿಯಂ ಇಲ್ಲವೇ ಎಂದು ಮಗನು ಕೇಳಿದನು. ‘ವೂಟ್ಜ್’ ಎಂದು ಪರದೇಶಗಳಲ್ಲಿ ಹೆಸರಾದ ಲೋಹದ ಹೆಸರು ನಮ್ಮ ‘ಉಕ್ಕು’ ಎಂಬುದರಿಂದಲೇ ಬಂದದ್ದೆಂದು ನಿಘಂಟುಕಾರರು ಹೇಳುವದನ್ನು ಅವನಿಗೆ ಹೇಳಿದೆವು, ಅದು ಉತ್ತರವಲ್ಲವೆಂದನು. ಉತ್ತರವಿದು: ಉಕ್ಕು ಅಗ್ಗದ್ದಿರಲಿ, ತುಟ್ಟಿಯದಿರಲಿ, ಬಾಗುವಿಕೆಗೆ ಕೊಡುವ ತಡೆ ಹೆಚ್ಚು ಕಡಿಮೆ ಒಂದೇ. ಕ್ರೋಮಿಯಂ, ಮಾಲಿಬ್ಡಿನಂಗಳನ್ನು ಬೆರಸಿದ ಉಕ್ಕಿನ ಹೆಚ್ಚುಗಾರಿಕೆಯು ಬಲದಲ್ಲಿದೆ. ಬಲವಿದ್ದುದರಿಂದ ಕೊಳವೆಯ ಗೋಡೆಯನ್ನು ತೆಳ್ಳಗೆ ಮಾಡಬಹುದು. ತೆಳ್ಳಗಾದಾಗ ಚೌಕಟ್ಟು ಹಗುರಾಗಿ, ರಸ್ತೆಯ ನಡುಕವನ್ನು ತುಸು ನುಂಗಿಕೊಳ್ಳುವದು. ಬೆಸುಗೆಯ ತುದಿಗಳಲ್ಲಿ ದಪ್ಪ, ನಡುವೆ ತೆಳುವು ಇರುವ ಕೊಳವೆಗಳಿಗೆ ಇಂಗ್ಲೆಂಡಿನ ಆಲ್ಫ್ರೆಡ್ ರೆನಾಲ್ಡ್ಸನು 1897ರಲ್ಲಿ ಹಕ್ಕುಪತ್ರ ಪಡೆದನು. ಆ ಮನೆತನದ ಹೆಸರಿನ 531 ಎಂಬ ಕೊಳವೆಯು 1935ರಲ್ಲಿ ಬಂದಿತು. ನಮ್ಮ ಚೌಕಟ್ಟಿನ ಕೊಳವೆಗಳ ಗೋಡೆ ತುದಿಯಲ್ಲಿ 0.9 ಮಿಲಿಮೀಟರು, ನಡುವೆ 0.6. ಇವನ್ನು ಕರಗಿಸಿ ಕೂಡಿಸದೆ, ಉಕ್ಕು ಕರಗದ ಕಾವಿನಲ್ಲಿ ಕರಗುವ ಹಿತ್ತಾಳೆಯನ್ನು ಸಂದಿಗಳಿಗೆ ಹರಿಸಿ ಬೆಸೆದಿದ್ದಾನೆ. ಊರ ಕಮ್ಮಾರನ ವಿದ್ಯೆಗೆ ಅದು ತೀರ ದೂರದ್ದೇನಲ್ಲ.

ಉಳಿದ ಬಿಡಿಭಾಗಗಳಲ್ಲಿ ನಮ್ಮ ನಿಯಮ ಒಂದೇ: ಹಾವೇರಿಯಲ್ಲಿ ರಿಪೇರಿಯಾಗದ್ದು ಬೇಡ. ಪೆಡಲಿನ ಅಚ್ಚಿಗೆ ಒತ್ತಿ ಕೂಡಿಸುವ ಹೊಸ ಬಗೆಯದನ್ನು ಬಿಟ್ಟು, ಹಳೆಯ ತಿರುಪಿನದನ್ನೇ ಹಾಕಿಸಿದೆವು. ಗಾಲಿಗಳಿಗೆ 36 ಕಡ್ಡಿಗಳು. ಡಿಸ್ಕ್ ಬ್ರೇಕನ್ನು ಕಸಬುದಾರನು ಬಹಳ ಹೊಗಳಿದನು. ಮಳೆಯಲ್ಲಿ ಅದರ ಹಿಡಿತವು ಹೆಚ್ಚೆಂಬದು ನಿಜ. ಆದರೆ ಅದಕ್ಕೆ ಮುಂಗಾಲಿಯ ಕವೆ ದಪ್ಪವಾಗಿ ಒರಟಾಗುವದು. ತಂತಿಯಿಂದೆಳೆದು ರಿಮ್ಮನ್ನೇ ಹಿಡಿಯುವ ಕ್ಯಾಂಟಿಲಿವರ್ ಬ್ರೇಕು ನಮಗೆ ಸಾಕೆನಿಸಿತು. ಅದರಲ್ಲಿ ಎರೆಮಣ್ಣು ಸಿಕ್ಕದಷ್ಟು ಇಂಬೂ ಇದೆ. ಮಳೆಗಾಲದಲ್ಲಿ ನಮ್ಮ ಎರೆಯು ಟಾಯರಿಗೆ ಮೆತ್ತಿ, ಮಡ್‌ಗಾರ್ಡಿನೊಳಗೆ ತುಂಬಿ, ಗಾಲಿಯನ್ನೇ ನಿಲ್ಲಿಸಿಬಿಡುವದನ್ನು ಬಲ್ಲವರು ಇದಕ್ಕೆ ತಲೆದೂಗುವರು. ಸ್ಪರ್ಧಿಗಳ ಸಪೂರ ಟಾಯರುಗಳನ್ನು ಬಿಟ್ಟು 32 ಮಿಲಿಮೀಟರಿನವುಗಳನ್ನು ಆರಿಸಿದ್ದೂ, ರಸ್ತೆಯ ಮೇಲೆ ಹರವಿದ ಗೋವಿನಜೋಳವನ್ನೂ ಜಾಲಿಯ ಮುಳ್ಳುಗಳನ್ನೂ ನೆನೆದೇ.

ಹಲ್ಲಿನ ಚಕ್ರಗಳು: ನಮ್ಮ ಹಳೆಯ ಕರಿಯ ಸೈಕಲ್ಲಿಗೆ ಮುಂದೆ 44, ಹಿಂದೆ 18, ಒಂದು ಸುತ್ತು ತುಳಿದರೆ ಸುಮಾರು ಐದೂವರೆ ಮೀಟರು ಓಡಲೇಬೇಕು, ಗಾಳಿಯಿರಲಿ ಏರಿರಲಿ. ಹೊಸದಕ್ಕೆ ಮುಂದೆ 46 ಮತ್ತು 30, ಹಿಂದೆ 11ರಿಂದ 34ರವರೆಗೆ. ತೀರ ಹಗುರಾದ ಜೋಡಿಯಲ್ಲಿ ಸುತ್ತಿಗೆ ಎರಡು ಮೀಟರಿಗೂ ಕಡಿಮೆ, ಬಿರುಸಿನದರಲ್ಲಿ ಒಂಬತ್ತು. ನಮ್ಮ ಸೀಮೆಯು ಬಯಲೇ. ಆದರೆ ಹಾವೇರಿಯಿಂದ ಹಾನಗಲ್ಲಿಗೆ ಪಡುವಣ ಮುಖವಾಗಿ ಹೋಗುವವನ ಎದೆಗೆ ಆಷಾಢದ ಗಾಳಿಯು ಹೊಡೆಯುವದೆಂದರೆ ಅದೂ ಒಂದು ಘಟ್ಟವೇ. ಒಂಬತ್ತು ಮೀಟರಿನದನ್ನು ನಾವಿನ್ನೂ ಮುಟ್ಟಿಲ್ಲ.

ಹ್ಯಾಂಡಲ್ಲು ಕೆಳಕ್ಕೆ ಸುತ್ತಿದ ಬಗೆಯದು. ಅಗಲವು ಭುಜದ ಎಲುಬುಗಳ ಅಗಲಕ್ಕೆ ಸರಿಯಾಗಿ, ಎತ್ತರವು ಸೀಟಿನ ಮಟ್ಟಕ್ಕೆ. ತರುಣರು ಅದನ್ನು ಇನ್ನೂ ತಗ್ಗಿಸುವರು. ಅರವತ್ತರ ಬೆನ್ನಿಗೆ ಅದು ಸಲ್ಲದು.

ಸೈಕಲ್ಲು ಬಂದು ನಾಲ್ಕು ತಿಂಗಳಾದವು. ಮೊದಲ ವಾರದಲ್ಲಿ ಸೀಟನ್ನು ಮೂರು ಮಿಲಿಮೀಟರು ಇಳಿಸಿದೆವು, ಆಮೇಲೆ ಎರಡು ಮಿಲಿಮೀಟರು ಹಿಂದಕ್ಕೆ ಸರಿಸಿದೆವು, ಮತ್ತೆ ಮುಟ್ಟಿಲ್ಲ. ಮೊಣಕಾಲಿನ ನೋವು ಪೂರ್ತಿ ಹೋಗಿಲ್ಲ. ಮೆಟ್ಟಲಿಳಿಯುವಾಗ ಇದ್ದೇ ಇದೆ. ತುಳಿಯುವಾಗ ಮಾತ್ರ ಇಲ್ಲ. ಆಷಾಢದ ಅಮಾವಾಸ್ಯೆಗೆ ಹಾನಗಲ್ಲಿಗೆ ಹೋದಾಗ ಅಕ್ಕನು ಹ್ಯಾಂಡಲ್ಲನ್ನು ತಡವಿ ನೋಡಿ, “ಇದೇನೋ, ಟಗರಿನ ಕೊಂಬು ಇದ್ದಂತಿದೆಯಲ್ಲ!” ಎಂದಳು. ಗಂಟೆಯನ್ನು ಮಾತ್ರ ಹಳೆಯ ಸೈಕಲ್ಲಿನದನ್ನೇ ಬಿಚ್ಚಿ ತಂದು ಹಾಕಿದ್ದೆವು.