ಹುತ್ರಿದುರ್ಗದಲ್ಲಿ ಪುರುಸೊತ್ತು

ಬೆಳಗಿನ ಜಾವ ಮಾಗಡಿ ರಸ್ತೆ ಹಿಡಿದ ಬೈಕು, ಕಾರುಗಳಲ್ಲಿ ಹೆಚ್ಚಿನವು ಸಾವನದುರ್ಗಕ್ಕೆ ತಿರುಗಿಕೊಳ್ಳುತ್ತವೆ. ಭಾನುವಾರ ಅಲ್ಲಿ ಬಂಡೆ ಏರುವುದೆಂದರೆ ಮುಂದಿನವರ ಬೂಟಿನ ಹಿಮ್ಮಡಿ ನೋಡಿಕೊಂಡು ಏರಬೇಕು. ನನಗೆ ಬೆಟ್ಟದ ಜೊತೆ ಪುರುಸೊತ್ತೂ ಬೇಕು. ಅದಕ್ಕೇ ವಾರದ ನಡುವೆ ರಜೆ ಸಿಕ್ಕರೆ ವಿಜಯನಗರದಿಂದ ಹೊರಟು, ಸುಂಕದಕಟ್ಟೆ, ತಾವರೆಕೆರೆ, ಮಾಗಡಿ ಎಲ್ಲ ದಾಟಿ ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗಕ್ಕೆ ಹೋಗುತ್ತೇನೆ.

ಕೆಂಪೇಗೌಡರ ನವದುರ್ಗಗಳಲ್ಲಿ ಇದೂ ಒಂದು. ಎತ್ತರ 3,700 ಅಡಿ ಚಿಲ್ಲರೆ. ಬುಡದಲ್ಲಿ ಸಂತೇಪೇಟೆ ಎಂಬ ಪುಟ್ಟ ಊರು. ಅಲ್ಲಿಂದ ಹಾದಿ ಒಂದಾದ ಮೇಲೊಂದು ಕೋಟೆ ಬಾಗಿಲು ಹಾಯುತ್ತ ಮೇಲೇರುತ್ತದೆ.

ನಾನು ಹೆಚ್ಚು ಹೊತ್ತು ಕಳೆಯುವುದು ಈ ಬಾಗಿಲುಗಳಲ್ಲೇ. ಎದೆಮಟ್ಟದ ಕಲ್ಲುಗಳು, ನಡುವೆ ಗಾರೆಯ ಸುಳಿವಿಲ್ಲ. ಒಂದರ ಮೂಲೆ ಕೆತ್ತಿ ತೆಗೆದು ಪಕ್ಕದ್ದರ ಮೂಲೆಯನ್ನು ಅಲ್ಲಿ ಕೂರಿಸಿದ್ದಾರೆ. ಕೆಲವು ಸಂದಿಗಳಲ್ಲಿ ಉಗುರೂ ತೂರದು. ಕಲ್ಲು ಸೀಳಲು ಉಳಿಯಿಂದ ತೋಡಿದ ಗುಳಿಗಳ ಸಾಲು ಅಂಚಿನಲ್ಲಿ ಹಾಗೇ ಉಳಿದಿದೆ. ಬೆರಳಿಟ್ಟರೆ ಒಳಗೆ ಇನ್ನೂ ತರಿತರಿ. ಕಟ್ಟಿದವರ ಹೆಸರು ಯಾವ ಬಾಗಿಲ ಮೇಲೂ ನನಗೆ ಕಂಡಿಲ್ಲ, ಅವರ ಕೈ ಮಾತ್ರ ಎಲ್ಲೆಲ್ಲೂ ಕಾಣುತ್ತದೆ. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನಿಂದ ಸಾವನದುರ್ಗ ಕಸಿದುಕೊಂಡ ಬೆನ್ನಿಗೇ ಈ ದುರ್ಗವನ್ನೂ ಹಿಡಿಯಿತು. ಇಲ್ಲಿ ನಿಂತು ಆ ಗೋಡೆಗೆ ಬೆನ್ನು ಕೊಟ್ಟರೆ, ಇಷ್ಟು ಬಂದೋಬಸ್ತಿನ ಕೋಟೆ ಬಿತ್ತಲ್ಲ ಎಂದು ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಬಾಗಿಲುಗಳ ಮೇಲೆ ಬರೀ ಬಂಡೆ. ಕಡಿದಾದ ಕಡೆ ಪಾದ ಊರುವಷ್ಟು ಮೆಟ್ಟಿಲು ಕೊರೆದಿದ್ದಾರೆ. ಮಳೆಗಾಲ ಮುಗಿದ ಹೊಸತರಲ್ಲಿ ಬರಬೇಕು ಇಲ್ಲಿಗೆ. ಬಂದರೆ ಎಂಬ ಗಿಡದ ಎಲೆ ತಿಕ್ಕಿದರೆ ಕೈಗೆಲ್ಲ ಅಂಟು, ಘಾಟು. ಬಂಡೆಯ ತಗ್ಗುಗಳಲ್ಲಿ ದೊಣೆಗಳು ತುಂಬಿರುತ್ತವೆ. ಒಂದರ ಪಕ್ಕ ಬೋರಲು ಮಲಗಿ ನೋಡಿ: ಮೇಲೆ ನೀರುಹುಳುಗಳ ಓಡಾಟ, ತಳದಲ್ಲಿ ಗೊದಮೊಟ್ಟೆಗಳು. ಹಿಂಗಾಲು ಆಗಷ್ಟೇ ಮೂಡಿದವು, ಬಾಲ ಇನ್ನೂ ಬಿಡದವು. ನೀರು ಬತ್ತುವುದರೊಳಗೆ ಅವು ಕಪ್ಪೆಯಾಗಿ ಹೊರಬೀಳಬೇಕು. ಅಲ್ಲಿ ಒಂದು ಗಂಟೆ ಕಳೆದರೂ ಯಾರೂ ‘ಸ್ವಲ್ಪ ಸೈಡಿಗೆ ಬನ್ನಿ, ಫೋಟೋ’ ಅನ್ನುವುದಿಲ್ಲ.

ಹಾಗೆ ಮಲಗಿದ್ದಾಗಲೇ ಮೇಕೆ ಕಾಯುವ ಅಜ್ಜ ಸಿಕ್ಕಿದ್ದು.

“ಏನ್ ಸಾಮಿ, ಏನಾರ ಬಿದ್ದೋಯ್ತಾ?”

“ಇಲ್ಲ ಅಜ್ಜ, ಗೊದಮೊಟ್ಟೆ ನೋಡ್ತಿದ್ದೆ.”

ಅಜ್ಜ ನಗಲಿಲ್ಲ. ಪಕ್ಕ ಕುಕ್ಕರಗಾಲಲ್ಲಿ ಕೂತು ತಾನೂ ನೋಡಿದರು. “ಆ ಮೇಗಳ ದೊಣ್ಯಾಗೆ ಇನ್ನೂ ಜಾಸ್ತಿ ಅವೆ. ಪಾಚಿ ಮ್ಯಾಲೆ ಮಾತ್ರ ಕಾಲಿಕ್ಕಬೇಡಿ.”

ನೆತ್ತಿಯವರೆಗೆ ಅಜ್ಜನೂ ಜೊತೆಗೆ ಬಂದರು. ಅಲ್ಲಿ ಶಂಕರೇಶ್ವರನ ಪುಟ್ಟ ಗುಡಿ, ಎದುರಿಗೆ ಬಸವ. ಪೂರ್ವಕ್ಕೆ ಸಾವನದುರ್ಗ, ಉತ್ತರದ ಕಡೆ ಶಿವಗಂಗೆ, ನೈರುತ್ಯಕ್ಕೆ ಹುಲಿಯೂರುದುರ್ಗ. ಸಾವನದುರ್ಗ, ರಾಮನಗರಗಳ ಬಂಡೆಗೆ ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ, ರಾಮನಗರದ ಹಳೇ ಹೆಸರಿನಿಂದ. ವಯಸ್ಸು ಸುಮಾರು 250 ಕೋಟಿ ವರ್ಷ. ಬುತ್ತಿ ಬಿಚ್ಚಿ ಚಿತ್ರಾನ್ನ ತಿನ್ನುತ್ತ ಆ ಬಂಡೆಗಳನ್ನೆಲ್ಲ ಕೈ ಮಾಡಿ ತೋರಿಸಿದಾಗ ಅಜ್ಜ ಒಂದೊಂದು ಬೆಟ್ಟದ ಜಾತ್ರೆ ಯಾವಾಗ ಎಂದು ಹೇಳತೊಡಗಿದರು.

ಇಲ್ಲಿಗೆ ಕಂಬಿ, ಟಿಕೆಟ್ ಕೌಂಟರ್ ಬಾರದಿರಲಿ. ಕೋಟೆ ಗೋಡೆಯ ಸಂದಿಗಳಲ್ಲಿ ಬೇರು ಬಿಟ್ಟ ಆಲ, ಅರಳಿ ಸಸಿಗಳನ್ನು ಮಾತ್ರ ಯಾರಾದರೂ ತಿಳಿದವರು ಬೇಗ ತೆಗೆಸಲಿ. ಇನ್ನೆರಡು ಮಳೆಗಾಲ ಬಿಟ್ಟರೆ ಆ ಬೇರು ಕಲ್ಲನ್ನು ಆಚೆ ತಳ್ಳುತ್ತದೆ.